ಯಾರೂ ವಾಸವಿಲ್ಲದ ಬೀದಿಯಲ್ಲೊಂದು ಪರೀಕ್ಷೆ

ಮರ್ಫಿ ಟೌನ್

ಪೊಲೀಸ್ ಕೆಲಸಕ್ಕೂ ಎಂ.ಎ. ಇದೆ ಎಂದರೆ ಬೆಂಗಳೂರಿನ ನಮ್ಮ ಬೀದಿಯಲ್ಲಿ ಯಾರೂ ನಂಬಲಿಲ್ಲ. ಮನೆಯ ಕೆಳಗೆ ಗಾಡಿ ನಿಲ್ಲಿಸಿಕೊಂಡು ಇಸ್ತ್ರಿ ಮಾಡುವ ಸೆಲ್ವಿ ನನ್ನ ಖಾಕಿ ಪ್ಯಾಂಟನ್ನು ಮಡಿಸುತ್ತಾ, "ಲಾಠಿ ಹಿಡಿಯಕ್ಕೆ ಲಂಡನ್‌ಗೆ ಯಾಕೆ ಮೇಡಂ ಹೋಗ್ಬೇಕು? ಇಲ್ಲಿ ಕೋಲು ಸಿಗಲ್ವಾ?" ಎಂದಳು. ನಗು ಬಂತು. ಒಳಗೊಳಗೆ ಸಿಟ್ಟೂ ಬಂತು. ಏಕೆಂದರೆ ಅದೇ ಮಾತನ್ನು ಠಾಣೆಯಲ್ಲಿ ಗಂಡಸರು ನನ್ನ ಬೆನ್ನ ಹಿಂದೆ ಆಡುತ್ತಿದ್ದರು.

ನಾನಾಗ ಹಲಸೂರು ಕಡೆಯ ಒಂದು ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್. ಮೊಬೈಲ್ ಫೋನು ಆಗಷ್ಟೇ ದೊಡ್ಡ ಸಾಹೇಬರ ಸೊಂಟಕ್ಕೆ ಬಂದಿದ್ದ ಕಾಲ. ಕೆಲಸದಲ್ಲಿರುವ ಪೊಲೀಸರಿಗಾಗಿಯೇ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯ ನಡೆಸುವ ಸ್ನಾತಕೋತ್ತರ ಕೋರ್ಸಿಗೆ ಇಲಾಖೆ ನನ್ನನ್ನು ಆರಿಸಿತ್ತು. ನಮ್ಮ ವಿಭಾಗದಿಂದ ಹೋಗುತ್ತಿದ್ದ ಮೊದಲ ಹೆಂಗಸು ನಾನೇ. ಪಾಸಾಗಿ ಬಂದರೆ ತರಬೇತಿ ಶಾಲೆಯಲ್ಲಿ ಪಾಠ ಹೇಳುವ ಹುದ್ದೆ ಸಿಗುತ್ತದೆ ಎಂದು ಸಾಹೇಬರು ಹೇಳಿದ್ದರು. ಫೇಲಾದರೆ ಏನಾಗುತ್ತದೆ ಎಂದು ಅವರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನನ್ನ ಹಿಂದೆ ಇನ್ನೊಬ್ಬ ಹೆಂಗಸನ್ನು ಕಳಿಸುವ ಮಾತೇ ಇರುವುದಿಲ್ಲ.

ಹೊರಡುವ ದಿನ ಹೆಡ್ ಕಾನ್ಸ್‌ಟೇಬಲ್ ಫ್ರಾನ್ಸಿಸ್ ಮಾತ್ರ ಬೇರೆ ಚಿಂತೆಯಲ್ಲಿದ್ದರು. "ನೀವು ಹೋದ್ರೆ ಡೆತ್ ಕೇಸಿಗೆ ಯಾರ್ನ ಕಳ್ಸೋದು ಮೇಡಂ? ನಮ್ಮೋರೆಲ್ಲ ಬಾಗ್ಲಲ್ಲೇ ಬಾಯ್ಬಿಟ್ಬಿಡ್ತಾರೆ. ನಿಮ್ ಥರ ಕರ್ಕೊಂಡ್ ಬರಕ್ಕೆ ಯಾರ್ಗೂ ಬರಲ್ಲ."

ಈ 'ಕರ್ಕೊಂಡ್ ಬರೋದು' ಏನೆಂದು ಹೇಳಿಬಿಡುತ್ತೇನೆ. ಯಾರಾದರೂ ಅಪಘಾತದಲ್ಲಿ ತೀರಿಕೊಂಡರೆ ಅವರ ಮನೆಗೆ ಸುದ್ದಿ ಮುಟ್ಟಿಸುವುದು ನಮ್ಮ ಕೆಲಸ. ಆದರೆ ಹೊಸ್ತಿಲಲ್ಲಿ ನಿಂತು "ಸತ್ತರು" ಎನ್ನಬಾರದು, ಅದು ನಮ್ಮಲ್ಲಿನ ಪದ್ಧತಿ. "ಸ್ವಲ್ಪ ಸೀರಿಯಸ್ಸು, ಬನ್ನಿ" ಎನ್ನುತ್ತೇವೆ. ಆ ಒಂದು ಮಾತಿನ ಮೇಲೆ ಮನೆಯವರನ್ನು ಜೀಪು ಹತ್ತಿಸಿ ಆಸ್ಪತ್ರೆಯ ಗೇಟಿನ ತನಕ ತರುತ್ತೇವೆ. ಅಷ್ಟರಲ್ಲಿ ಅಣ್ಣತಮ್ಮಂದಿರು, ಊರಿನವರು ಅಲ್ಲಿ ಸೇರಿರುತ್ತಾರೆ. ಬಿದ್ದರೆ ಹಿಡಿಯಲು ಜನ ಇರುತ್ತಾರೆ.

ಈ ಕೆಲಸದಲ್ಲಿ ನನ್ನದು ಎತ್ತಿದ ಕೈ. ಒಮ್ಮೆ ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರ ಮುಂದೆ ಲಾರಿ ಗುದ್ದಿ ಸೇಡಂ ಕಡೆಯ ಕೆಲಸಗಾರನೊಬ್ಬ ಹೋಗಿಬಿಟ್ಟಿದ್ದ. ಅವನ ಹೆಂಡತಿ ಕೆ.ಆರ್. ಪುರದ ಬಾಡಿಗೆ ಕೋಣೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. "ನಮ್ಮ ಮನಿಯವರಿಗೆ ಏನಾಗ್ಯಾದ್ರೀ?" ಎಂದು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. "ಸ್ವಲ್ಪ ಸೀರಿಯಸ್ಸಮ್ಮ, ಬಾ" ಎಂದೆ. ಟ್ರಾಫಿಕ್ಕಿನಲ್ಲಿ ಜೀಪು ತೆವಳುತ್ತಿದ್ದಷ್ಟು ಹೊತ್ತೂ ಆಕೆ, "ಆರಾಮ್ ಆದ ಮ್ಯಾಲ ಊರಿಗಿ ಕರ್ಕೊಂಡ್ ಹೋಗ್ತೀನ್ರಿ. ಈ ಬೆಂಗಳೂರು ಸಾಕ್ರೀ ನಮಗ" ಎನ್ನುತ್ತಲೇ ಇದ್ದಳು. ನಾನು ಹೂಂಗುಟ್ಟುತ್ತಿದ್ದೆ. ಗೇಟಿನಲ್ಲಿ ಅವಳ ಅಣ್ಣ, ಅತ್ತಿಗೆ ಇದ್ದರು, ಹಿಡಿದುಕೊಂಡರು. ಅದಕ್ಕಿಂತ ಒಳ್ಳೆಯ ದಾರಿ ಇದೆಯೆಂದು ಯಾರಾದರೂ ಹೇಳಿದ್ದರೆ ಅವತ್ತು ನಾನು ಜಗಳಕ್ಕೇ ನಿಲ್ಲುತ್ತಿದ್ದೆ.

ಸಮುದ್ರದ ಪಕ್ಕದ ಊರು

ನಾನು ಇಳಿದ ಊರು ಉತ್ತರ ಇಂಗ್ಲೆಂಡಿನಲ್ಲಿ, ಸಮುದ್ರಕ್ಕೆ ಅಂಟಿಕೊಂಡಿದೆ. ಸಮುದ್ರ ಅಲ್ಲಿದೆ ಎಂದು ಜನ ಹೇಳಿದ್ದರಿಂದ ನಂಬಿದೆ. ಮೊದಲ ವಾರವೆಲ್ಲ ಕಂಡದ್ದು ಬಿಳೀ ಮಂಜು ಒಂದೇ. ಅದರೊಳಗಿಂದ ಎಲ್ಲೋ ಹಡಗಿನ ಭೋಂಪು ಕೂಗುತ್ತಿತ್ತು. ಎಮ್ಮೆ ಕರು ಕಳೆದುಕೊಂಡು ಕೂಗುವ ಹಾಗಿತ್ತು ಅದು.

ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕೊಂಡಿದ್ದ ಮಂಕಿ ಕ್ಯಾಪು ಹಾಕಿಕೊಂಡು ಹಾಲು ತರಲು ಹೋದರೆ ಅಂಗಡಿಯಾಕೆ ಕೈ ಎರಡನ್ನೂ ಮೇಲೆತ್ತಿ ನಿಂತುಬಿಟ್ಟಳು! ಮುಖ ಮುಚ್ಚಿಕೊಂಡು ದರೋಡೆಗೆ ಬಂದಿದ್ದೇನೆ ಎಂದುಕೊಂಡಿದ್ದಳು ಪಾಪ. ಟೋಪಿ ಕಿತ್ತು, ಗುರುತಿನ ಚೀಟಿ ತೋರಿಸಿ, "ನಾನೇ ಪೊಲೀಸಮ್ಮ" ಎಂದು ತಿಳಿಸುವಷ್ಟರಲ್ಲಿ ಸಾಕುಬೇಕಾಯಿತು. ಆಮೇಲೆ ಅವಳೇ ನನಗೆ ಮೂರು ಸಲ ಸಾರಿ ಕೇಳಿದಳು. ಅಲ್ಲಿ ಎಲ್ಲರೂ ಎಲ್ಲದಕ್ಕೂ ಸಾರಿ ಕೇಳುತ್ತಾರೆ. ಒಬ್ಬ ಮುದುಕ ಕುರ್ಚಿಗೆ ಎಡವಿ ಕುರ್ಚಿಗೇ ಸಾರಿ ಹೇಳಿದ್ದನ್ನು ನನ್ನ ಕಣ್ಣಾರೆ ಕಂಡಿದ್ದೇನೆ.

ನನ್ನನ್ನು ಕಾಡಿದ್ದು ಚಳಿಯಲ್ಲ, ನಿಶ್ಶಬ್ದ. ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಬಂದೋಬಸ್ತ್ ಮಾಡಿದವಳಿಗೆ ಜನವಿಲ್ಲದ ರಸ್ತೆ ಎಂದರೆ ಅರ್ಥ ಒಂದೇ: ಏನೋ ಆಗಿದೆ, ಕರ್ಫ್ಯೂ ಹಾಕಿದ್ದಾರೆ. ಅಲ್ಲಿ ದಿನಾ ಹಾಗೇ. ಮನೆಗಳಲ್ಲಿ ದೀಪ ಇರುತ್ತಿತ್ತು, ಕಿಟಕಿಯಲ್ಲಿ ಬೆಕ್ಕು ಇರುತ್ತಿತ್ತು, ಮನುಷ್ಯರು ಕಾಣುತ್ತಿರಲಿಲ್ಲ. ನಡೆಯುವಾಗ ನನ್ನ ಬೂಟಿನ ಸದ್ದಿಗೆ ನಾನೇ ಹಿಂತಿರುಗಿ ನೋಡುತ್ತಿದ್ದೆ.

ತರಗತಿಯಲ್ಲಿ ನಾವೆಲ್ಲ ಬೇರೆ ಬೇರೆ ದೇಶದ ಪೊಲೀಸರು. ನನಗೆ ಹತ್ತಿರವಾದವನು ಘಾನಾದ ಕೋಫಿ. ಆರಡಿ ಆಳು, ಬಾಗಿಲು ದಾಟುವಾಗ ತಲೆ ತಗ್ಗಿಸುತ್ತಿದ್ದ. ಹಾಸ್ಟೆಲಿನ ಅಡುಗೆಮನೆಯಲ್ಲಿ ನನ್ನ ಹುಳಿಪುಡಿಯ ವಾಸನೆ ಹಿಡಿದು ತಟ್ಟೆ ಸಮೇತ ಬಂದುಬಿಡುತ್ತಿದ್ದ. ಪಾಠ ಹೇಳುವವರು ಹ್ಯಾರಿಸ್, ನಿವೃತ್ತ ಪೊಲೀಸ್ ಅಧಿಕಾರಿ, ಬೇರೆ ಊರಿನಿಂದ ಬಂದುಹೋಗುತ್ತಿದ್ದರು. ಒಳ್ಳೆಯ ಮನುಷ್ಯ. ಆದರೆ ನಿಯಮ ಎಂದರೆ ನಿಯಮ.

ನಕಲಿ ಬೀದಿ

ಹಾಸ್ಟೆಲಿನ ಹಿಂದೆ ಒಂದು ಬೀದಿ ಇತ್ತು. ಬ್ಯಾಂಕು, ಬೇಕರಿ, ಹೆಂಡದಂಗಡಿ, ಸಾಲು ಮನೆಗಳು, ಬಸ್ ನಿಲ್ದಾಣ ಎಲ್ಲ ಇದ್ದವು. ಮೊದಲ ದಿನ ಬ್ರೆಡ್ಡು ತರೋಣ ಎಂದು ಬೇಕರಿಗೆ ಹೋದೆ. ಗಾಜಿನ ಹಿಂದಿದ್ದ ಬ್ರೆಡ್ಡು ಮರದ್ದು, ಬಣ್ಣ ಬಳಿದದ್ದು. ಬ್ಯಾಂಕಿನ ಬಾಗಿಲು ತಳ್ಳಿದರೆ ಅದರ ಹಿಂದೆ ಇಟ್ಟಿಗೆಯ ಗೋಡೆ.

ಅದು ಪೊಲೀಸರ ಅಭ್ಯಾಸಕ್ಕೆಂದು ಕಟ್ಟಿದ ಬೀದಿ. ಅಲ್ಲಿ ಯಾರೂ ವಾಸವಿಲ್ಲ. ಪರೀಕ್ಷೆ ಇರುವ ದಿನ ಊರಿನ ಕೆಲವರು ಬಂದು ಆ ಮನೆಗಳಲ್ಲಿ ಕೂತು ಕಳ್ಳ, ಕುಡುಕ, ಹೊಡೆತ ತಿಂದ ಹೆಂಡತಿ ಆಗುತ್ತಾರೆ. ಒಬ್ಬ ಮುದುಕ ಯಾವಾಗಲೂ ಹೆಣ. ಅವನು ಮೆಟ್ಟಿಲ ಕೆಳಗೆ ಕುತ್ತಿಗೆ ತಿರುಚಿಕೊಂಡು ಬಿದ್ದಿರುತ್ತಿದ್ದ. ಟೀ ಗಂಟೆ ಬಾರಿಸಿದರೆ ಎದ್ದು ನಮ್ಮ ಜೊತೆ ಕ್ಯೂ ನಿಲ್ಲುತ್ತಿದ್ದ. ಅವನ ಪಕ್ಕ ನಿಂತು ಬಿಸ್ಕತ್ತು ತೆಗೆದುಕೊಳ್ಳಲು ನನಗೆ ಕೈ ಬರುತ್ತಿರಲಿಲ್ಲ. ಮೂಢನಂಬಿಕೆ ಎನ್ನಿ, ಏನಾದರೂ ಎನ್ನಿ.

ಕಂಬಗಳಲ್ಲಿ ಸ್ಪೀಕರುಗಳಿದ್ದವು. ಬೀದಿಗೆ ಜೀವ ಬರಲೆಂದು ಮಕ್ಕಳು ಆಡುವ ಸದ್ದು ಹಾಕುತ್ತಿದ್ದರು. ಒಂದು ಸಂಜೆ ಅದನ್ನು ನಿಲ್ಲಿಸಲು ಮರೆತು ಎಲ್ಲರೂ ಮನೆಗೆ ಹೋಗಿಬಿಟ್ಟರು. ಕವಿದ ಮಂಜಿನಲ್ಲಿ, ಖಾಲಿ ಬೀದಿಯಲ್ಲಿ, ಮಕ್ಕಳ ಕೇಕೆ. ಒಂದು ಮಗು ಬಿದ್ದು ಅಳುತ್ತದೆ, ಮತ್ತೆ ನಗುತ್ತದೆ, ಮತ್ತೆ ಅದೇ ಜಾಗದಲ್ಲಿ ಬಿದ್ದು ಅಳುತ್ತದೆ. ಕೋಫಿ ಕಿಟಕಿ ಮುಚ್ಚಿ ಪರದೆ ಎಳೆದ. "ನಮ್ಮಲ್ಲಿ ಇಂಥಾ ಜಾಗ ಕಟ್ಟಿದರೆ ಖಾಲಿ ಬಿಡೋದಿಲ್ಲ ರತ್ನಾ. ನಾವು ಹೋಗಿ ಇರದಿದ್ದರೆ ಬೇರೆ ಯಾರಾದರೂ ಬಂದು ಇರುತ್ತಾರೆ" ಎಂದ. ತಮಾಷೆಗೆ ಹೇಳಿದನೋ ನಿಜಕ್ಕೋ, ಕೇಳುವ ಧೈರ್ಯ ಆಗಲಿಲ್ಲ.

ಮೊದಲ ಸಲ

ಬರವಣಿಗೆಯ ಪತ್ರಿಕೆಗಳನ್ನೆಲ್ಲ ದಾಟಿದೆ. ಇಂಗ್ಲಿಷು ತೊಡರಿದರೂ ಕಾನೂನು ನನಗೆ ಗೊತ್ತಿತ್ತು. ಉಳಿದದ್ದು ಒಂದೇ ಪ್ರಾಯೋಗಿಕ ಪರೀಕ್ಷೆ: ಸಾವಿನ ಸುದ್ದಿ ತಿಳಿಸುವುದು. ಅಯ್ಯೋ, ಇದು ನನಗೆ ನೀರು ಕುಡಿದ ಹಾಗೆ ಎಂದುಕೊಂಡೆ.

ಹ್ಯಾರಿಸ್ ಹೇಳಿಕೊಟ್ಟ ಕ್ರಮ ಸರಳ. ಒಳಗೆ ಹೋಗಬೇಕು, ಅವರನ್ನು ಕೂರಿಸಬೇಕು, ಸತ್ತವರ ಹೆಸರು ಹೇಳಬೇಕು, ಸತ್ತರು ಎಂಬ ಮಾತನ್ನೇ ಹೇಳಬೇಕು. ಸುತ್ತುಬಳಸು ಕೂಡದು. ನಾನು ಕೈ ಎತ್ತಿ, ನಮ್ಮಲ್ಲಿ ಹೀಗಲ್ಲ, ಸೀರಿಯಸ್ಸು ಎಂದು ಆಸ್ಪತ್ರೆಯ ತನಕ ತರುತ್ತೇವೆ ಎಂದು ವಿವರಿಸಿದೆ.

"ದಾರಿಯಲ್ಲಿ ಅವರು ಏನು ಮಾಡುತ್ತಾರೆ?" ಎಂದು ಕೇಳಿದರು ಹ್ಯಾರಿಸ್.

"ದೇವರಿಗೆ ಹರಕೆ ಹೊರುತ್ತಾರೆ."

"ಬದುಕಲಿ ಎಂದು?"

"ಹೌದು."

"ಆಗಲೇ ಸತ್ತಿರುವವನಿಗೆ," ಎಂದರು ಅವರು. ಮೈ ಉರಿದುಹೋಯಿತು. ಇವರಿಗೇನು ಗೊತ್ತು, ಬಿದ್ದರೆ ಹಿಡಿಯುವವರಿಲ್ಲದ ಊರಿನವರಿಗೆ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಪರೀಕ್ಷೆಯ ದಿನ ನನಗೆ ಸಿಕ್ಕ ಮನೆಯಲ್ಲಿದ್ದವರು ಮಾರ್ಗರೆಟ್. ಅರವತ್ತರ ಆಸುಪಾಸು, ನರೆತ ಕೂದಲು, ತೆಳ್ಳನೆ ಮೈ. ಅವರು ವರ್ಷಗಳಿಂದ ಒಂದೇ ಪಾತ್ರ ಮಾಡುವವರು: ಗಂಡನ ಸಾವಿನ ಸುದ್ದಿ ಕೇಳುವ ಹೆಂಡತಿ. ಕೇಳಿದ ಕೂಡಲೇ ಅವರು ಅಳುವ ರೀತಿ ನೋಡಿ ಎಂಥೆಂಥಾ ಅಧಿಕಾರಿಗಳೂ ತಬ್ಬಿಬ್ಬಾಗುತ್ತಿದ್ದರಂತೆ. ಕಥೆಯ ಪ್ರಕಾರ ಗಂಡ ಲಾರಿ ಡ್ರೈವರ್, ಹೆಸರು ಪೀಟರ್. ಹ್ಯಾರಿಸ್ ಮೂಲೆಯಲ್ಲಿ ನಿಂತಿದ್ದರು.

ಕೂರಿಸಿದೆ. ಆಕೆ ತಲೆ ಎತ್ತಿ ನನ್ನನ್ನು ನೋಡಿದರು. "ನನ್ನ ಗಂಡನಿಗೆ ಏನಾಗಿದೆ?" ಎಂದರು. ಕೆ.ಆರ್. ಪುರದ ಬಾಡಿಗೆ ಕೋಣೆಯೇ ಕಣ್ಣ ಮುಂದೆ ಬಂದಂತಾಯಿತು. ಬಾಯಿ ತಾನಾಗಿ ಆಡಿಬಿಟ್ಟಿತು: "ಅವರು ಸ್ವಲ್ಪ ಸೀರಿಯಸ್ ಆಗಿದ್ದಾರೆ."

ಮಾರ್ಗರೆಟ್ ಅಳಲಿಲ್ಲ. ಮುಖದಲ್ಲಿ ಮೆಲ್ಲಗೆ ಏನೋ ಹರಡಿತು, ಬೇಡ ಬೇಡವೆಂದರೂ ಹರಡಿತು. ಆಸೆ. ಪಾತ್ರ ಮಾಡುವವರ ಮುಖದಲ್ಲಿ ಅಂಥದ್ದನ್ನು ನಾನು ಅವತ್ತಿನವರೆಗೂ ನೋಡಿರಲಿಲ್ಲ. "ಹಾಗಾದರೆ ಬದುಕಿದ್ದಾನೆ," ಎಂದರು.

ಹ್ಯಾರಿಸ್ ಸೀಟಿ ಊದಿದರು. ಪರೀಕ್ಷೆ ಅಲ್ಲಿಗೆ ನಿಂತಿತು, ಫೇಲು. ಇನ್ನೊಂದು ಅವಕಾಶವಿದೆ, ಅದೇ ಕೊನೆಯದು ಎಂದರು. ನಾನು ತಲೆ ತಗ್ಗಿಸಿ ಹೊರಗೆ ಬಂದೆ. ಬೆನ್ನ ಹಿಂದೆ ಮಾರ್ಗರೆಟ್ ಕೇಳುತ್ತಲೇ ಇದ್ದರು, "ಯಾವ ಆಸ್ಪತ್ರೆ? ಯಾವ ಆಸ್ಪತ್ರೆಯಲ್ಲಿ?" ಸೀಟಿ ಊದಿದ ಮೇಲೂ ಪಾತ್ರ ಬಿಡದ ಈಕೆಗೆ ಏನೆನ್ನಬೇಕು ಎಂದು ನನಗೆ ಸಿಡುಕು ಬಂತು.

ದೀಪ

ಆ ವಾರ ಮನೆಗೆ ಫೋನು ಮಾಡಿದಾಗ ನನ್ನವರು, "ಹೆಂಗೆ ನಡೀತಾ ಇದೆ?" ಎಂದರು. ಅವರು ಇಂದಿರಾನಗರದಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟವರು, ಪೊಲೀಸ್ ವಿಷಯಕ್ಕೆ ತಲೆ ಹಾಕುವವರಲ್ಲ. ಫೇಲಾದೆ ಎಂದು ಹೇಳಿದೆ.

"ಯಾವುದ್ರಲ್ಲೇ?"

"ಸತ್ತ ಸುದ್ದಿ ಹೇಳೋದ್ರಲ್ಲಿ."

"ಅದ್ರಲ್ಲಿ ನೀನು ಫೇಲಾ? ಥೂ, ಅವ್ರಿಗೇ ತಲೆ ಕೆಟ್ಟಿರ್ಬೇಕು ಬಿಡು," ಎಂದರು. ಅಳು ಒತ್ತಿಕೊಂಡು ಬಂತು. ಫೋನಿಟ್ಟೆ.

ಅವತ್ತು ಭಾನುವಾರ. ಅಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನದ ಟೀ ಹೊತ್ತಿಗೇ ಕತ್ತಲಾಗಿಬಿಡುತ್ತದೆ. ಕಿಟಕಿಯ ಬಳಿ ನಿಂತಿದ್ದಾಗ ನಕಲಿ ಬೀದಿಯಲ್ಲಿ ಒಂದು ದೀಪ ಕಂಡಿತು. ನಾನು ಫೇಲಾದ ಅದೇ ಮನೆ. ಭಾನುವಾರ ಅಲ್ಲಿ ಪರೀಕ್ಷೆ ಇಲ್ಲ, ಅಭ್ಯಾಸವೂ ಇಲ್ಲ. ಕಳ್ಳರೇ ಇರಬೇಕು ಎಂದು ಕೋಫಿಯನ್ನು ಕರೆದೆ. ನಕಲಿ ಬೀದಿಗೆ ನಿಜವಾದ ಕಳ್ಳ ಬಂದರೆ ಹಿಡಿಯಲು ಇಬ್ಬರು ನಿಜವಾದ ಪೊಲೀಸರು. ಕೋಫಿ ಬೀದಿಯ ತುದಿಯಲ್ಲೇ ನಿಂತುಬಿಟ್ಟ. "ನೀನು ಹೋಗು, ನಾನು ಇಲ್ಲಿ ಕಾಯುತ್ತೇನೆ," ಎಂದ. ಆರಡಿ ಆಳು!

ಕಿಟಕಿಯಿಂದ ಇಣುಕಿದೆ. ಮಾರ್ಗರೆಟ್ ಸೋಫಾದ ಮೇಲೆ ಕೂತಿದ್ದರು. ಮೈಮೇಲೆ ಕೋಟು, ಕುತ್ತಿಗೆಗೆ ಮಫ್ಲರು, ತೊಡೆಯ ಮೇಲೆ ಕೈಚೀಲ. ಕಣ್ಣು ಬಾಗಿಲ ಮೇಲೆ. ಎಲ್ಲಿಗಾದರೂ ಹೊರಟವರು ಗಾಡಿ ಬರಲೆಂದು ಕಾಯುತ್ತಾರಲ್ಲ, ಹಾಗೆ. ಬಾಗಿಲು ತಟ್ಟಿ ಒಳಗೆ ಹೋದೆ.

"ಇವತ್ತು ಪರೀಕ್ಷೆ ಇಲ್ಲವಲ್ಲ?" ಎಂದೆ.

"ಗೊತ್ತು," ಎಂದರು ಅವರು.

"ಮತ್ತೆ ಇಲ್ಲಿ ಕೂತಿದ್ದೀರಿ?"

"ಯಾರಾದರೂ ಕರೆದುಕೊಂಡು ಹೋಗಲು ಬರಬಹುದು."

ಧ್ವನಿ ಸಹಜವಾಗಿತ್ತು. ಅಳುತ್ತಾ ಹೇಳಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಏನೋ ನೆಪ ಹೇಳಿ ಹೊರಗೆ ಬಂದೆ. ಆ ವಾರ ದಿನಾ ಸಂಜೆ ಆ ಕಿಟಕಿಯಲ್ಲಿ ದೀಪ ಉರಿಯಿತು.

ಕ್ಯಾಂಟೀನಿನಲ್ಲಿ ತಿಳಿದದ್ದು

ಕೋಫಿಗೆ ಯಾರನ್ನು ಬೇಕಾದರೂ ಮಾತಾಡಿಸುವ ಕಲೆ ಇತ್ತು. ಕ್ಯಾಂಟೀನಿನ ಆಯಾಳಿಂದ ಅವನೇ ಸುದ್ದಿ ತಂದ. ತಂದವನು ಊಟದ ತಟ್ಟೆಯನ್ನು ಪಕ್ಕಕ್ಕಿಟ್ಟ, ಅವನು ಹಾಗೆ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಾರ್ಗರೆಟ್ಟರ ಗಂಡನ ಹೆಸರು ಆರ್ಥರ್. ಮೀನು ಹಿಡಿಯುವವನು. ಬಹಳ ವರ್ಷಗಳ ಹಿಂದೆ ಒಂದು ಬೆಳಗ್ಗೆ ಇಂಥದೇ ಮಂಜಿನಲ್ಲಿ ಒಬ್ಬನೇ ದೋಣಿ ತೆಗೆದುಕೊಂಡು ಹೋದ. ದೋಣಿ ಸಿಗಲಿಲ್ಲ, ದೇಹ ಸಿಗಲಿಲ್ಲ, ಒಂದು ಹಲಗೆಯೂ ದಡಕ್ಕೆ ಬರಲಿಲ್ಲ. ಪೊಲೀಸರು ಬಂದು "ಹುಡುಕುತ್ತಿದ್ದೇವೆ" ಎಂದರು. ಆಮೇಲೆ ಬರುವುದನ್ನೇ ಬಿಟ್ಟರು. ಸತ್ತನೆಂದು ಆ ಬಾಗಿಲಿಗೆ ಬಂದು ಯಾರೂ ಹೇಳಲಿಲ್ಲ, ಹೇಗೆ ಹೇಳುತ್ತಾರೆ?

"ನಕಲಿ ಮನೆಯಲ್ಲಿ ಕೂರುವ ಕೆಲಸಕ್ಕೆ ಆಕೆ ತಾನೇ ಬಂದು ಸೇರಿದ್ದಂತೆ," ಎಂದ ಕೋಫಿ. "ಅಲ್ಲಾದರೂ ಪೊಲೀಸರು ಬಂದು ಹೇಳುತ್ತಾರಲ್ಲ. ತನ್ನ ಗಂಡನ ಹೆಸರಿನಲ್ಲಿ ಅಲ್ಲದಿದ್ದರೂ. ಕೇಳಿ, ಅತ್ತು, ಮನೆಗೆ ಹೋಗುತ್ತಿದ್ದಳಂತೆ. ಹ್ಯಾರಿಸ್‌ಗೆ ಇದೆಲ್ಲ ಗೊತ್ತಿಲ್ಲ. ಗೊತ್ತಾದರೆ ಬರಬೇಡ ಎನ್ನುತ್ತಾರೆ ಎಂದು ಇಲ್ಲಿಯವರು ಬಾಯಿ ಬಿಟ್ಟಿಲ್ಲ."

ಇಷ್ಟು ವರ್ಷ ಬಂದ ಪೊಲೀಸರೆಲ್ಲ ಆಕೆಗೆ ಸತ್ತ ಎಂದೇ ಹೇಳಿ ಹೋಗಿದ್ದರು. ಬೆಂಗಳೂರಿನಿಂದ ಬಂದ ನಾನೊಬ್ಬಳು, ಸೀರಿಯಸ್ಸು ಎಂದೆ. ಆಕೆ ಕೋಟು ಹಾಕಿಕೊಂಡು ಕಾಯತೊಡಗಿದರು. ಆಡಿದ ಮಾತನ್ನು ವಾಪಸ್ಸು ತೆಗೆದುಕೊಳ್ಳಬಹುದಾಗಿದ್ದರೆ ಎಂದು ಎಷ್ಟು ಸಲ ಅಂದುಕೊಂಡೆನೋ ಲೆಕ್ಕವಿಲ್ಲ. ಪರೀಕ್ಷೆಗೆ ಬೇರೆ ಯಾರನ್ನಾದರೂ ಕೂರಿಸಿ ಎಂದು ಹ್ಯಾರಿಸ್ ಬಳಿ ಕೇಳಿದೆ. ಸುಲಭವಾಗಲೆಂದು ಕೇಳುತ್ತಿದ್ದೀರಿ ಎಂದು ಅವರು ಒಪ್ಪಲಿಲ್ಲ. ಕಾರಣ ಹೇಳಿದ್ದರೆ ಆಕೆಯನ್ನು ಆ ಮನೆಯಿಂದ ಹೊರಗೆ ಹಾಕುತ್ತಿದ್ದರು, ಆಮೇಲೆ ಆಕೆ ಎಲ್ಲಿ ಹೋಗಿ ಕಾಯಬೇಕು?

ಆಮೇಲಿನ ದಿನಗಳಲ್ಲಿ ಅಡುಗೆಮನೆಯಲ್ಲಿ ಕೋಫಿ ಹೆಂಡತಿಯಾದ, ನಾನು ಪೊಲೀಸಾದೆ. "ಪೀಟರ್ ಸತ್ತಿದ್ದಾರೆ" ಎಂದು ಅವನ ದೊಡ್ಡ ಮುಖ ನೋಡಿಕೊಂಡು ಹೇಳಿ ಹೇಳಿ ನಾಲಿಗೆ ಪಳಗಿಸಿದೆ. ಕೊನೆಗೆ ತಡವರಿಸದೆ ಬಂತು.

ಎರಡನೇ ಸಲ

ಆ ಮಧ್ಯಾಹ್ನ ಮಂಜು ಎಷ್ಟಿತ್ತೆಂದರೆ ಬೀದಿಯ ಆಚೆ ಸಾಲಿನ ಮನೆಗಳು ಕಾಣುತ್ತಿರಲಿಲ್ಲ. ಸ್ಪೀಕರಿನಲ್ಲಿ ಅದೇ ಮಗು ಬಿದ್ದು ಅಳುತ್ತಿತ್ತು. ಬಾಗಿಲು ತಟ್ಟಿದೆ. ಮಾರ್ಗರೆಟ್ ಕೋಟು ಹಾಕಿಕೊಂಡೇ ಕೂತಿದ್ದರು. ಮೂಲೆಯಲ್ಲಿ ಹ್ಯಾರಿಸ್.

ಎದುರಿಗೆ ಕೂತು, ಕಣ್ಣಿಗೆ ಕಣ್ಣಿಟ್ಟು, ಕಲಿತದ್ದನ್ನು ಕಲಿತಂತೆಯೇ ಹೇಳಿದೆ. "ನಿಮಗೆ ಕೆಟ್ಟ ಸುದ್ದಿ ತಂದಿದ್ದೇನೆ. ನಿಮ್ಮ ಗಂಡ ಪೀಟರ್ ರಸ್ತೆ ಅಪಘಾತದಲ್ಲಿ ಸತ್ತಿದ್ದಾರೆ."

ಹ್ಯಾರಿಸ್ ಮೆಲ್ಲಗೆ ತಲೆದೂಗಿದ್ದು ಓರೆಗಣ್ಣಿಗೆ ಕಂಡಿತು. ಗೆದ್ದೆ ಎನಿಸಿತು. "ಮುಗಿಯಿತು" ಎಂಬ ಒಂದು ಮಾತು ಹೇಳಿ ಎದ್ದರೆ ಪಾಸು. ಅಲ್ಲಿನ ನಿಯಮ ಅದು, ಅಧಿಕಾರಿ ತಾನೇ ಮುಗಿಯಿತು ಎನ್ನಬೇಕು. ಆ ತನಕ ಪರೀಕ್ಷಕ ಹಿಂದೆಯೇ ಬರುತ್ತಾನೆ, ದೊಡ್ಡ ತಪ್ಪಾದರೆ ಮಾತ್ರ ಸೀಟಿ ಊದುತ್ತಾನೆ.

ಮಾರ್ಗರೆಟ್ ಅಳಲಿಲ್ಲ. ನನ್ನ ಮಾತು ಪಕ್ಕದ ಮನೆಯವರಿಗೆ ಸೇರಿದ್ದೇನೋ ಎಂಬಂತೆ ಕೇಳಿಸಿಕೊಂಡರು. ಆಮೇಲೆ ಮುಂದಕ್ಕೆ ಬಾಗಿ, ಮೆಲ್ಲಗೆ, "ಅವತ್ತು ಸೀರಿಯಸ್ ಎಂದಿರಲ್ಲ. ಈಗ ಹೇಗಿದ್ದಾನೆ?" ಎಂದರು.

ಮುಗಿಯಿತು ಎನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ಆಕೆ ಎದ್ದರು. ಕೈಚೀಲ ತೋಳಿಗೆ ಹಾಕಿಕೊಂಡು ನನ್ನ ಮೊಣಕೈ ಹಿಡಿದರು. "ನಾನು ತಯಾರಾಗಿದ್ದೇನೆ. ನಡೆಯಿರಿ." ನಮ್ಮೂರಿನಲ್ಲಿ ಆ ಮಾತಿನ ನಂತರ ಎಲ್ಲರೂ ಮಾಡುವುದು ಅದನ್ನೇ. ಅಲ್ಲಿ ಜೀಪು ಇರುತ್ತದೆ, ಕೊನೆಗೆ ಒಂದು ಆಸ್ಪತ್ರೆ ಇರುತ್ತದೆ. ಇಲ್ಲಿ ಏನಿದೆ? ಆದರೂ ಕಾಲು ತಾನಾಗಿ ನಡೆಯಿತು.

ಮಂಜಿನಲ್ಲಿ ನಾವಿಬ್ಬರು, ಹಿಂದೆ ದೂರದಲ್ಲಿ ಹ್ಯಾರಿಸ್ ಬೂಟಿನ ಸದ್ದು. ಮರದ ಬ್ರೆಡ್ಡಿನ ಬೇಕರಿ ದಾಟಿದೆವು. ಮೆಟ್ಟಿಲ ಕೆಳಗೆ ಹೆಣವಾಗಿದ್ದ ಮುದುಕ ಕಣ್ಣು ತೆರೆದು ನಮ್ಮನ್ನು ನೋಡಿ ಮತ್ತೆ ಮುಚ್ಚಿಕೊಂಡ. "ಎಚ್ಚರ ಇದೆಯಾ ಅವನಿಗೆ?" ಎಂದು ಮಾರ್ಗರೆಟ್ ಕೇಳುತ್ತಿದ್ದರು. "ಚಳಿ ಅವನಿಗೆ ಆಗೋದಿಲ್ಲ. ಹೊದಿಸಿದ್ದಾರಾ? ಈ ಸಲ ಮನೆಗೆ ಬಂದರೆ ಸಮುದ್ರಕ್ಕೆ ಕಳಿಸೋದಿಲ್ಲ." ಬ್ಯಾಂಕಿನ ಬಾಗಿಲ ಬಳಿ ನಿಂತು, "ಇಲ್ಲೇನಾ?" ಎನ್ನುತ್ತಾ ಅದನ್ನು ತಳ್ಳಿದರು. ಇಟ್ಟಿಗೆಯ ಗೋಡೆಯ ಮೇಲೆ ಅಂಗೈ ಇಟ್ಟರು. ತೆಗೆಯಲಿಲ್ಲ.

ನನಗೆ ತಡೆಯಲಾಗಲಿಲ್ಲ. ಬೀದಿಯಲ್ಲಿ ಒಂದು ಬಸ್ ನಿಲ್ದಾಣ ಇತ್ತು ಎಂದೆನಲ್ಲ, ಅಲ್ಲಿಗೆ ಯಾವ ಬಸ್ಸೂ ಬರುವುದಿಲ್ಲ. ಅದರ ಬೆಂಚಿನ ಮೇಲೆ ಆಕೆಯನ್ನು ಕೂರಿಸಿದೆ, ಪಕ್ಕದಲ್ಲಿ ನಾನೂ ಕೂತೆ.

"ಆರ್ಥರ್ ಒಳಗಿದ್ದಾನಾ?" ಎಂದು ನನಗಷ್ಟೇ ಕೇಳುವಂತೆ ಪಿಸುಗುಟ್ಟಿದರು.

ಆಕೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಧ್ವನಿ ಬದಲಾಯಿತು, ಎಚ್ಚರವಾದವರ ಧ್ವನಿ. "ನೀವು ನಿಜವಾದ ಪೊಲೀಸಾ?"

"ಹೌದು."

"ಇಲ್ಲಿಗೆ ಬರುವವರೆಲ್ಲ ಪೊಲೀಸರೇ. ನೀವು ನಿಜವಾದ ಮನೆಗಳಿಗೆ ಹೋಗಿದ್ದೀರಾ? ಹೆಂಡತಿಯರಿಗೆ ಹೇಳಿದ್ದೀರಾ?"

"ಹೋಗಿದ್ದೇನೆ. ಬಹಳ ಮನೆಗಳಿಗೆ."

"ಹಾಗಾದರೆ ನನಗೂ ಹೇಳಿ."

ಓದುಗರೇ, ಪೊಲೀಸ್ ಆದವಳು ಎಂದೂ ಮಾಡಬಾರದ್ದು ಅದು. ನಾವು ಹೆಣ ನೋಡದೆ ಮಾತಾಡುವುದಿಲ್ಲ. ಡಾಕ್ಟರು ಬರೆದುಕೊಡುವ ತನಕ ಕಣ್ಣೆದುರಿಗಿರುವ ಹೆಣವನ್ನೂ ಹೆಣ ಎನ್ನುವುದಿಲ್ಲ. ಇಲ್ಲಿ ದೇಹವಿಲ್ಲ, ಸಾಕ್ಷಿಯಿಲ್ಲ, ಈ ದೇಶದಲ್ಲಿ ನನಗೆ ಅಧಿಕಾರವೂ ಇಲ್ಲ. ಯಾವುದೋ ದಡದಲ್ಲಿ ಆ ಮನುಷ್ಯ ಬದುಕಿದ್ದರೆ? ನಾಳೆಯೇ ಬಾಗಿಲಿಗೆ ಬಂದು ನಿಂತರೆ? ಅಷ್ಟರಲ್ಲಿ ಹಿಂದೆ ಹ್ಯಾರಿಸ್ ಬಂದು ನಿಂತಿದ್ದರು. ಅವರೆದುರಿಗೆ ಬೇರೆ ಹೆಸರು ಹೇಳಿದರೆ ಏನಾಗುತ್ತದೆ ಎಂದೂ ಗೊತ್ತಿತ್ತು. ತರಬೇತಿ ಶಾಲೆ, ಸಾಹೇಬರು, ನನ್ನ ನಂತರ ಬರಬೇಕಾದ ಹೆಂಗಸರು, ಎಲ್ಲರೂ ಒಂದೇ ಸಲ ನೆನಪಿಗೆ ಬಂದರು.

ಆಕೆಯ ಎರಡೂ ಕೈ ಹಿಡಿದುಕೊಂಡೆ. ಮಂಜುಗಡ್ಡೆಯ ಹಾಗೆ ತಣ್ಣಗಿದ್ದವು.

"ಮಾರ್ಗರೆಟ್, ನಾನು ಅವತ್ತು ಹೇಳಿದ್ದು ನಿಜವಲ್ಲ. ಆಸ್ಪತ್ರೆ ಇಲ್ಲ. ನಿಮ್ಮ ಗಂಡ ಆರ್ಥರ್ ಸತ್ತಿದ್ದಾರೆ. ಸಮುದ್ರದಲ್ಲಿ ಸತ್ತರು. ಅವರು ಬರುವುದಿಲ್ಲ."

ಸೀಟಿ ಕಿವಿಯ ಪಕ್ಕದಲ್ಲೇ ಚೀರಿತು. ಮಾರ್ಗರೆಟ್ ಬೆಚ್ಚಲಿಲ್ಲ. ಎಲ್ಲರೂ ಹೊಗಳುತ್ತಿದ್ದ ಆ ಅಳು ಬರಲಿಲ್ಲ. ಬಾಯಿ ಸ್ವಲ್ಪ ತೆರೆದುಕೊಂಡು, ಎಷ್ಟೋ ಕಾಲ ಒಳಗೆ ಹಿಡಿದಿಟ್ಟುಕೊಂಡಿದ್ದ ಉಸಿರನ್ನು ಬಿಟ್ಟರು. ಆಮೇಲೆ ನನ್ನ ಭುಜಕ್ಕೆ ಒರಗಿದರು. ಬಿದ್ದರೆ ಹಿಡಿಯಲು ಅಲ್ಲಿ ಇದ್ದವಳು ನಾನೊಬ್ಬಳೇ, ಹಿಡಿದುಕೊಂಡೆ. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ ತಿಳಿಯದು. ಯಾರೋ ಸ್ಪೀಕರು ನಿಲ್ಲಿಸಿದರು.

ಹ್ಯಾರಿಸ್ ಮುಂದೆ ಬಂದು ನಿಂತರು. ಮುಖದಲ್ಲಿ ನಿಜವಾದ ಬೇಸರವಿತ್ತು. "ಮನೆಯೊಳಗೆ ಬಹಳ ಚೆನ್ನಾಗಿ ಮಾಡಿದಿರಿ ರತ್ನಾ. ಅಲ್ಲಿಗೇ ಮುಗಿಸಿದ್ದರೆ ಪಾಸಾಗುತ್ತಿದ್ದಿರಿ. ಆದರೆ ಕೊನೆಗೆ ಸತ್ತವನ ಹೆಸರನ್ನೇ ತಪ್ಪು ಹೇಳಿದಿರಿ. ಇದಕ್ಕಿಂತ ದೊಡ್ಡ ತಪ್ಪು ನಮ್ಮ ಕೆಲಸದಲ್ಲಿ ಇಲ್ಲ. ನಾನು ಪಾಸು ಮಾಡಲಾರೆ."

ನಾನು ತಲೆಯಾಡಿಸಿ ಒಪ್ಪಿಕೊಂಡೆ. ಕಾರಣ ಹೇಳಿದರೆ ಆಕೆಯ ಗುಟ್ಟು ಹೊರಬೀಳುತ್ತಿತ್ತು.

ಫಲಿತಾಂಶ ಬರೆಯುವ ಮೊದಲು ಪಾತ್ರ ಮಾಡಿದವರ ಅಭಿಪ್ರಾಯವನ್ನೂ ಕೇಳಬೇಕು ಎಂಬುದು ಅಲ್ಲಿನ ಪದ್ಧತಿ. ಹ್ಯಾರಿಸ್ ಆ ಪದ್ಧತಿಯನ್ನೂ ಬಿಡಲಿಲ್ಲ. ಪೆನ್ನು ಹಿಡಿದುಕೊಂಡೇ, "ಮಾರ್ಗರೆಟ್, ನೀವು ಏನಾದರೂ ಹೇಳುವುದಿದೆಯಾ?" ಎಂದರು.

ಮಾರ್ಗರೆಟ್ ನನ್ನ ಭುಜದಿಂದ ತಲೆ ಎತ್ತಿದರು.

"ಇದೆ," ಎಂದರು. "ಹೆಸರು ಸರಿಯಾಗಿತ್ತು."